ನಾಡಿಗೆ ನಾಮ ಹಾಕುವ ಕ್ರಮ

ಮನೆಯಲ್ಲೇ ಕಾರ್ಡಿಯೋ ಮಾಡುತ್ತೇನೆಂದು ತೀರ್ಮಾನಿಸಿದ್ದೀರಿ. ಸಂತೋಷ. ಇನ್ನು ಆ ತೀರ್ಮಾನದಿಂದ ಮೈಗೆ ಏನೂ ಆಗದ ಹಾಗೆ ನೋಡಿಕೊಳ್ಳಬೇಕು. ನಿಂತಲ್ಲೇ ಓಡುವುದು, ಕೈಕಾಲು ಅಗಲಿಸಿ ಜಿಗಿಯುವುದು, ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು, ಇವೆಲ್ಲ ಯಾರಿಗಾದರೂ ಬರುತ್ತವೆ. ಎಷ್ಟು ಜೋರಾಗಿ ಮಾಡಿದೆ ಎಂಬುದಕ್ಕೆ ಅಂಕಿ ಹುಟ್ಟಿಸುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ. ಅಂಕಿ ಕೈಗೆ ಬಂದ ಮೇಲೆ ಜಿಗಿತದ ಅಗತ್ಯವೇ ಬೀಳುವುದಿಲ್ಲ. ಕೆಳಗೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಿ. ತಿಂಗಳೊಪ್ಪತ್ತಿನಲ್ಲಿ ನಿಮ್ಮ ಸೊಂಟದ ಸುತ್ತಳತೆ ಇದ್ದಲ್ಲೇ ಇರುತ್ತದೆ, ಹೆಸರು ಮಾತ್ರ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಮೇಲಕ್ಕೆ ಹೋಗುತ್ತದೆ.

ಮೊದಲ ಮಾತು, ಹೊರಗೆ ಹೋಗಬೇಡಿ. ಬೆಂಗಳೂರಿನ ಪಾರ್ಕಿನಲ್ಲಿ ಓಡಿದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಂಥ ಊರಿನಲ್ಲಿ ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ಓಡಿ ನೋಡಿ. ಡೈರಿಗೆ ಹಾಲು ಹೊತ್ತವರು ಕ್ಯಾನ್ ಕೆಳಗಿಟ್ಟು, "ಯಾಕಣ್ಣ, ಹಸ ಕಣ್ಣಿ ಕಿತ್ಕಂಡ್ ಹೋಯ್ತಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ, "ಮತ್ತೆ ಯಾರಿಗೇನಾಯ್ತು?" ಅನ್ನುತ್ತಾರೆ. ಯಾರಿಗೂ ಏನೂ ಆಗಿಲ್ಲ, ಆರೋಗ್ಯಕ್ಕೆ ಓಡುತ್ತಿದ್ದೇನೆ ಅಂದಿರೋ, ಮಧ್ಯಾಹ್ನದೊಳಗೆ ನಿಮಗೆ ಸಕ್ಕರೆ ಕಾಯಿಲೆ ಇದೆಯೆಂದು ಲಕ್ಷ್ಮೀನಾರಾಯಣನ ಗುಡಿ ಹತ್ತಿರ ಇತ್ಯರ್ಥವಾಗಿರುತ್ತದೆ. ಹೊಯ್ಸಳರ ಕಾಲದಿಂದ ನಿಂತಿರುವ ಗುಡಿ, ಇಂಥ ಎಷ್ಟೋ ತೀರ್ಪು ಕೇಳಿದೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವ ಮನೆಯವರಂತೂ ಈ ಸಾಹಸಕ್ಕೆ ಕೈ ಹಾಕಲೇಬೇಡಿ.

ಪಡಸಾಲೆಯೇ ಸರಿ. ಟಿ.ವಿ. ಎದುರು, ಮಂಚಕ್ಕೆ ಕೈಗೆಟುಕುವಷ್ಟು ಹತ್ತಿರ ಜಾಗ ಮಾಡಿಕೊಳ್ಳಿ. ಒಂದು ಮಗ್ಗುಲಿಗೆ ರಾಗಿ ಮೂಟೆ ಇರಲಿ, ಒರಗುವುದಕ್ಕೆ ಬೇಕಾಗುತ್ತದೆ. ಹೊಸ ಟ್ರ್ಯಾಕ್ ಪ್ಯಾಂಟು ತನ್ನಿ, ಬೂಟು ತನ್ನಿ. ಬೂಟು ಕಾಲಿಗೆ ಒಗ್ಗಲಿ ಎಂದು ವಾರ ಮುಂಚೆಯೇ ಸಂತೆಗೆ ಹಾಕಿಕೊಂಡು ಹೋಗಿ. ನೋಡಬೇಕಾದವರೆಲ್ಲ ಅಲ್ಲೇ ನೋಡಿಬಿಡುತ್ತಾರೆ, ಅರ್ಧ ವ್ಯಾಯಾಮ ಅಲ್ಲಿಗೇ ಮುಗಿಯಿತು. ಬೆಂಗಳೂರಿನ ಮಗ ಟ್ರೆಡ್‌ಮಿಲ್ ಕಳಿಸಿದರೆ ಬೇಡ ಅನ್ನಬೇಡಿ. ಮಳೆಗಾಲದಲ್ಲಿ ಒಣಗದ ಪಂಚೆ, ಟವಲು, ಮೊಮ್ಮಗುವಿನ ಸ್ವೆಟರು ಎಲ್ಲಕ್ಕೂ ಅದರ ಹಿಡಿಕೆ ಬಲು ಚೆನ್ನ. ಯಾಕೆ ಓಡಲಿಲ್ಲ ಎಂದು ಅವನು ಕೇಳಿದರೆ ಕರೆಂಟು ಇರಲಿಲ್ಲ ಅನ್ನಿ. ಹಳ್ಳಿಯಲ್ಲಿ ಈ ಉತ್ತರವನ್ನು ಯಾರೂ ಎರಡನೇ ಸಲ ಪ್ರಶ್ನಿಸಿದ್ದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. 220ರಲ್ಲಿ ವಯಸ್ಸು ಕಳೆದರೆ ಉಳಿಯುವುದೇ ಹೃದಯ ನಿಮಿಷಕ್ಕೆ ಬಡಿಯಬಹುದಾದ ಗರಿಷ್ಠ ಎಂದು ಜಿಮ್ಮಿನ ಗೋಡೆಗಳ ಮೇಲೆ ಬರೆದಿರುತ್ತಾರೆ. 1970ರ ಸುಮಾರಿಗೆ ಅಮೆರಿಕದ ಸ್ಯಾಮುಯೆಲ್ ಫಾಕ್ಸ್ ಮತ್ತು ವಿಲಿಯಂ ಹ್ಯಾಸ್ಕೆಲ್ ಎಂಬಿಬ್ಬರು ಅದುವರೆಗಿನ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಹರವಿ ಎಳೆದ ಅಂದಾಜು ಗೆರೆ ಅದು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. 2001ರಲ್ಲಿ ಹಿರೋಫುಮಿ ತನಾಕಾ ಮತ್ತವರ ಜೊತೆಗಾರರು, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ, ವಯಸ್ಸಾದವರಿಗೆ ಅದು ಹೆಚ್ಚು ಸರಿ ಎಂದರು. ನೀವು ಇಂಥ ತಿದ್ದುಪಡಿಗೆಲ್ಲ ಕಿವಿಗೊಡಬೇಡಿ. 0.7ರ ಗುಣಾಕಾರ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಮಾಡುವಂಥದ್ದಲ್ಲ. 220ನ್ನೇ ಹಿಡಿಯಿರಿ. ಅದರಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಕಳೆಯಬೇಕಾದದ್ದು ಯಾವ ವಯಸ್ಸು ಎಂದು ಸೂತ್ರದಲ್ಲಿ ಹೇಳಿಲ್ಲ.

ನಿಮಗೆ ಕಡೇಪಕ್ಷ ನಾಲ್ಕು ವಯಸ್ಸಿವೆ. ಏರಿ ಒಡೆದ ವರ್ಷ ಹುಟ್ಟಿದ್ದು ಎಂದು ಅವ್ವ ಹೇಳುವುದು ಒಂದು. ಶಾಲೆಗೆ ಸೇರಿಸುವ ದಿನ ಕಿವಿ ಮುಟ್ಟಿಸಿ ನೋಡಿ ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು. ಆಧಾರ್ ಕಾರ್ಡಿನದು ಮೂರನೆಯದು, ಅದರ ಪ್ರಕಾರ ಅರ್ಧ ಊರು ಜನವರಿ 1ಕ್ಕೇ ಹುಟ್ಟಿದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು, ಆದ್ದರಿಂದ ತುಂಬಿರುವುದು ನಾಲ್ಕನೆಯದು. ವ್ಯಾಯಾಮಕ್ಕೆ ಈ ನಾಲ್ಕನೆಯದನ್ನೇ ಬಳಸಿ. ಗರಿಷ್ಠದ ಶೇಕಡ 50ರಿಂದ 70ರವರೆಗೆ ಬಡಿದರೆ ಸಾಧಾರಣ ಶ್ರಮ, 70ರಿಂದ 85ರವರೆಗೆ ತೀವ್ರ ಶ್ರಮ ಎಂದು ಲೆಕ್ಕ. ನಿಮ್ಮ ನಿಜವಾದ ವಯಸ್ಸು 57 ಎಂದಿಟ್ಟುಕೊಳ್ಳೋಣ. ಗರಿಷ್ಠ 163. ತೀವ್ರ ಶ್ರಮದ ಹೊಸ್ತಿಲು 114. ಈಗ ಪಿಂಚಣಿ ವಯಸ್ಸು ಹಾಕಿ. ಗರಿಷ್ಠ 155, ಹೊಸ್ತಿಲು 109. ಒಂದು ಹೆಜ್ಜೆ ಎತ್ತಿಡದೆ ಐದು ಬಡಿತ ಮಿಕ್ಕಿತು. ಇದಕ್ಕೆ ಗ್ರಾಮ ಲೆಕ್ಕಿಗರ ವರದಿಯೂ ಬೇಕಿಲ್ಲ, ತಹಸೀಲ್ದಾರರ ಸಹಿಯೂ ಬೇಕಿಲ್ಲ.

ನಾಡಿ ಹಿಡಿಯುವುದನ್ನು ಕಲಿಯಿರಿ. ಬಲ್ಲವರು ಹೇಳುವ ಕ್ರಮ ಇದು: ಕುಣಿತ ನಿಲ್ಲಿಸಿದ ಕೂಡಲೇ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆಗೆ, ತೋರುಬೆರಳು ನಡುಬೆರಳು ಎರಡನ್ನೂ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ನೀವು ಹೆಬ್ಬೆರಳನ್ನೇ ಒತ್ತಿ. ಹೆಬ್ಬೆರಳಿಗೆ ತನ್ನದೇ ಒಂದು ಬಡಿತ ಇದೆ, ಅದಕ್ಕೇ ಅವರು ಬೇಡ ಅನ್ನುವುದು. ಎರಡನ್ನೂ ಕೂಡಿಸಿಕೊಳ್ಳಿ, ಎರಡೂ ನಿಮ್ಮವೇ ತಾನೆ. ಕುಣಿತ ನಿಂತ ಮೊದಲ ನಿಮಿಷದಲ್ಲೇ ಬಡಿತ ದಡದಡ ಇಳಿಯುತ್ತದೆ, ತಡ ಮಾಡಿದರೆ ಲೆಕ್ಕ ಸುಳ್ಳಾಗುತ್ತದೆ ಎಂದೂ ಎಚ್ಚರಿಸುತ್ತಾರೆ. ಇದನ್ನು ಎಚ್ಚರಿಕೆ ಎಂದು ತಿಳಿಯದೆ ಅವಕಾಶ ಎಂದು ತಿಳಿಯಿರಿ. 'ಈ ವಯಸ್ಸಿಗೂ ನನ್ನ ಹೃದಯ ಎಷ್ಟು ನಿಧಾನ ನೋಡು' ಎಂದು ಭಾಮೈದನ ಮುಂದೆ ಹೇಳಬೇಕಿದ್ದರೆ ಮುಖ ತೊಳೆದು, ಪೇಪರಿನ ಎರಡು ಪುಟ ಓದಿ, ಆಮೇಲೆ ಎಣಿಸಿ.

ಏರಿದ ಅಂಕಿ ಬೇಕಿದ್ದವರು ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಫೋನು ಹಚ್ಚಿ. ಹೊಲದ ಬದು ಯಾರು ಒತ್ತಿದರು, ಅಪ್ಪ ಇದ್ದಾಗ ಕಲ್ಲು ಎಲ್ಲಿತ್ತು, ಕಾಲುವೆ ನೀರು ಯಾರ ಸರದಿಯಲ್ಲಿ ಯಾರು ತಿರುಗಿಸಿಕೊಂಡರು, ಇಷ್ಟು ಎತ್ತಿದರೆ ಸಾಕು. ಎರಡು ನಿಮಿಷದಲ್ಲಿ 120 ದಾಟುತ್ತೀರಿ, ಮಂಚದಿಂದ ಇಳಿಯದೆ. ಸಿಟ್ಟಿಗೆ ಏರಿದ ಬಡಿತ ವ್ಯಾಯಾಮದ್ದಲ್ಲ, ಕೈಕಾಲಿನ ಸ್ನಾಯು ದುಡಿದು ರಕ್ತ ಕೇಳಿದಾಗ ಏರುವುದೇ ವ್ಯಾಯಾಮದ ಬಡಿತ ಎಂದು ವೈದ್ಯರು ಭೇದ ಮಾಡುತ್ತಾರೆ. ಬಡಿತ ಎಣಿಸುವ ನಿಮ್ಮ ಕೈಗಡಿಯಾರಕ್ಕೆ ಆ ಭೇದ ತಿಳಿಯುವುದಿಲ್ಲ. ಗಡಿಯಾರವನ್ನೇ ನಂಬಿ.

ಗಡಿಯಾರ ಅಂದೆನಲ್ಲ, ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದಿರಲಿ. ಅದು ಚರ್ಮದ ಮೇಲೆ ಹಸಿರು ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿ ಇಳಿಯುವಾಗ ಬೆಳಕು ಹೀರಿಕೊಳ್ಳುವ ಪ್ರಮಾಣವೂ ಏರಿ ಇಳಿಯುತ್ತದೆ. ವಾಪಸು ಬಂದ ಬೆಳಕಿನ ಆ ಏರಿಳಿತವನ್ನೇ ಎಣಿಸಿ ಬಡಿತ ಹೇಳುತ್ತದೆ. ಮಣಿಮೂಳೆಯಿಂದ ಬೆರಳಗಲ ಮೇಲೆ ಬಿಗಿಯಾಗಿ ಕಟ್ಟಿ ಎಂದು ಡಬ್ಬಿಯಲ್ಲಿ ಬರೆದಿರುತ್ತಾರೆ. ನೀವು ಸಡಿಲ ಬಿಡಿ. ಹೊರಗಿನ ಬೆಳಕು ಒಳಗೆ ನುಗ್ಗಲಿ, ಬೆವರು ಕೂರಲಿ. ಸಡಿಲ ಬಿಟ್ಟ ಗಡಿಯಾರ ಕೈ ಅಲ್ಲಾಡಿದ ತಾಳವನ್ನೇ ಹೃದಯದ ತಾಳ ಎಂದು ಓದಿಬಿಡುವುದುಂಟು. ಹಾಗಾಗಿ ಮಂಚದ ಮೇಲೆ ಕೂತು, ಧಾರಾವಾಹಿ ನೋಡುತ್ತಾ, ಬರೀ ಎಡಗೈಯನ್ನು ಲಯಬದ್ಧವಾಗಿ ಅಲ್ಲಾಡಿಸಿ. ಇದು ಎಂಥ ಯುಗ ಎಂದು ಸ್ವಲ್ಪ ಯೋಚಿಸಿ ನೋಡಿ. ಡೈರಿಯಲ್ಲಿ ಹಾಲಿಗೆ ಒಂದು ಲೋಟ ನೀರು ಬೆರೆಸಿದರೆ ಲ್ಯಾಕ್ಟೋಮೀಟರು ಹಿಡಿದುಕೊಡುತ್ತದೆ, ಫ್ಯಾಟ್ ಮಿಷನ್ನು ಚೀಟಿ ಬರೆದುಕೊಡುತ್ತದೆ, ಕಾರ್ಯದರ್ಶಿ ಎಲ್ಲರೆದುರಿಗೆ ಕ್ಯಾನು ವಾಪಸು ತಳ್ಳುತ್ತಾನೆ. ಇಪ್ಪತ್ತು ಸಾವಿರದ ಗಡಿಯಾರಕ್ಕೆ ಇನ್ನೂ ಅಷ್ಟು ಬುದ್ಧಿ ಬಂದಿಲ್ಲ. ಬರುವುದರೊಳಗೆ ಬಳಸಿಕೊಳ್ಳಿ.

ಹೆಜ್ಜೆ ಲೆಕ್ಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ಯಾವ ವೈದ್ಯರ ಚೀಟಿಯಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು 'ಮಾನ್ಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂಬ ಹೆಸರಿನ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಂದ ಆ ಅಂಕಿ ಜಗತ್ತನ್ನೆಲ್ಲ ನಡೆಸುತ್ತಿದೆ. ಮಾರಾಟಕ್ಕೆ ಹುಟ್ಟಿದ ಅಂಕಿಯನ್ನು ಮೈಮುರಿದು ಮುಟ್ಟುವುದು ಬೇಡ. ಪೇಟೆಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಂಬಿಯನ್ನು ಎಡಗೈಯಲ್ಲಿ ಹಿಡಿಯಿರಿ. ಗುಂಡಿಗಳನ್ನು ರಸ್ತೆಯೇ ಒದಗಿಸುತ್ತದೆ.

ಮೇಲಿನ ಯಾವ ಉಪಾಯವೂ ಕೈಗೂಡದಿದ್ದರೆ ಗಡಿಯಾರ ಬಿಚ್ಚಿ ಹೆಂಡತಿಯ ಕೈಗೆ ಕಟ್ಟಿ. ಹೊತ್ತು ಸರಿಯಾಗಿ ಆರಿಸಬೇಕು. ಹಿಟ್ಟು ತೊಳಸುವ ಹೊತ್ತೇ ಪ್ರಶಸ್ತ. ಎಸರು ಮರಳುತ್ತಿರುತ್ತದೆ, ರಾಗಿ ಹಿಟ್ಟು ಮಧ್ಯದಲ್ಲಿ ಗುಡ್ಡೆಯಾಗಿ ಕೂತು ಸುತ್ತ ಗುಳುಗುಳು ಅನ್ನುತ್ತಿರುತ್ತದೆ, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಟ್ಟಿರುತ್ತಾರೆ. ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲು ಕೊಟ್ಟು, ಅದನ್ನು ಪಾದದಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಲು ಶುರು ಮಾಡುತ್ತಾರೆ. ಹಿಟ್ಟು ಗಟ್ಟಿಯಾದಂತೆ ಕೋಲು ಓಡುವುದಿಲ್ಲ, ಭುಜ ಓಡಬೇಕು, ಬೆನ್ನು ಓಡಬೇಕು. ಹೊಗೆ ಬೇರೆ. ಹಣೆಯ ಬೆವರನ್ನು ಮೊಣಕೈ ಮೇಲಿನ ರವಿಕೆ ಅಂಚಿಗೆ ಒರೆಸಿಕೊಂಡು ಮತ್ತೆ ತಿರುವುತ್ತಾರೆ. ಒಂದು ಗಂಟು ಉಳಿದರೂ ಅತ್ತೆಯ ನಾಲಿಗೆಗೆ ಸಿಕ್ಕಿಬಿಡುತ್ತದೆ. ಇಂಥ ಹೊತ್ತಿನಲ್ಲಿ ಹೋಗಿ ಕಟ್ಟಿ.

"ಇದ್ಯಾಕ್ ಕಟ್ತೀರಿ ನಂಗೆ, ಹಿಟ್ಟು ಮೆತ್ಕತದೆ," ಅನ್ನುತ್ತಾರೆ.

"ಟೈಮ್ ನೋಡ್ಕಳಕ್ಕೆ ಕಣಮ್ಮಿ," ಅನ್ನಿ. ನಂಬುವುದಿಲ್ಲ, ಆದರೆ ಜಗಳ ಮಾಡಲು ಕೈ ಬಿಡುವಿಲ್ಲದ್ದರಿಂದ ಸುಮ್ಮನಾಗುತ್ತಾರೆ.

ಒಂದೆರಡು ನಿಮಿಷಕ್ಕೆ ಗಡಿಯಾರ ತಾನಾಗಿಯೇ ಗುಂಯ್ ಎಂದು, ವ್ಯಾಯಾಮ ಶುರು ಮಾಡಿದಿರಾ ಎಂದು ಕೇಳಿದರೆ ಹೌದು ಎಂದು ಒತ್ತಿ. ಆದರೆ ಇಲ್ಲಿ ಒಂದು ಅಪಾಯ ಇದೆ, ಗಮನವಿಟ್ಟು ಓದಿ. ಮುದ್ದೆ ಕಟ್ಟಿ ಮುಗಿದ ಕೂಡಲೇ ಗಡಿಯಾರ ಬಿಚ್ಚಿಕೊಂಡುಬಿಡಿ. ದಿನವಿಡೀ ಅವರ ಕೈಯಲ್ಲೇ ಬಿಟ್ಟರೆ ಕೊಟ್ಟಿಗೆ ಬಾಚಿದ್ದು, ಎರಡು ಹಸ ಕರೆದದ್ದು, ತಲೆ ಮೇಲೆ ಹುಲ್ಲಿನ ಹೊರೆ ತಂದದ್ದು, ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ್ದು, ಎಲ್ಲವೂ ಲೆಕ್ಕಕ್ಕೆ ಬಿದ್ದು ನಿಮ್ಮ ವಾರದ ಗುರಿ ಮಂಗಳವಾರವೇ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲಿ ಮೊಬೈಲಿನಲ್ಲಿ ಈ ಲೆಕ್ಕ ನೋಡುತ್ತಿರುವ ಮಗನಿಗೆ ಅನುಮಾನ ಬರುತ್ತದೆ. ಅಪ್ಪ ಇಷ್ಟೊಂದು ಮಾಡುವವನಲ್ಲ ಎಂದು ಅವನಿಗೆ ಗೊತ್ತು. ಇನ್ನೂ ಕೆಟ್ಟದ್ದೆಂದರೆ, ಇದು ಅವ್ವನ ಬಡಿತ ಎಂದು ಅವನಿಗೆ ಹೊಳೆದರೆ ಮುಂದಿನ ಹಬ್ಬಕ್ಕೆ ಗಡಿಯಾರ ಅವ್ವನಿಗೆ ಬರುತ್ತದೆ, ನಿಮಗೆ ಹಿಟ್ಟಿನ ಕೋಲು.

ಯಂತ್ರವೇ ಬೇಡ ಅನ್ನುವವರಿಗೆ ಮಾತಿನ ಪರೀಕ್ಷೆ ಇದೆ. ಮಾತಾಡಲು ಆಗುತ್ತಿದೆ, ಹಾಡಲು ಆಗುತ್ತಿಲ್ಲ ಅಂದರೆ ಸಾಧಾರಣ ಶ್ರಮ. ಉಸಿರು ತೆಗೆದುಕೊಳ್ಳದೆ ಎರಡು ಮೂರು ಮಾತಿಗಿಂತ ಹೆಚ್ಚು ಆಡಲು ಆಗುತ್ತಿಲ್ಲ ಅಂದರೆ ತೀವ್ರ ಶ್ರಮ. ಇದಕ್ಕೆ ಕಾಸು ಖರ್ಚಿಲ್ಲ, ಮನೆಯಲ್ಲಿ ಮಾಡುವವರಿಗೆ ಇದಕ್ಕಿಂತ ನೆಚ್ಚಿಕೆಯ ಅಳತೆ ಸಿಗುವುದು ಕಷ್ಟ. ನಂಬಿಕೆ ಬರದಿದ್ದರೆ ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟದ ಮೆಟ್ಟಿಲ ಪಕ್ಕ ನಿಂತು ನೋಡಿ. ಬುಡದಲ್ಲಿ ಸೊಸೆಯ ಮೇಲಿನ ದೂರನ್ನು ವಿವರವಾಗಿ ಶುರು ಮಾಡಿದ ಅಜ್ಜಿಗೆ ಸ್ವಲ್ಪ ಮೇಲೇರುವಷ್ಟರಲ್ಲಿ ವಿವರ ಕಡಿಮೆಯಾಗುತ್ತದೆ, ನಡುವಿನ ಮಂಟಪದಲ್ಲಿ ಬರೀ "ಏನಂತ ಯೋಳ್ಲಿ" ಉಳಿಯುತ್ತದೆ, ಬಾಗಿಲು ಕಾಣುವಾಗ "ಸ್ವಾಮೀ" ಒಂದೇ. ಸೊಸೆಗೆ ಅಷ್ಟು ಹೊತ್ತು ನೆಮ್ಮದಿ ಕೊಡುವುದು ತೀವ್ರ ಶ್ರಮವೊಂದೇ.

ಈ ಪರೀಕ್ಷೆಯನ್ನು ಮನೆಯಲ್ಲಿ ಹೀಗೆ ಮಾಡಿ. ಮಾತು ನಿಲ್ಲಿಸದ ನೆಂಟರೊಬ್ಬರನ್ನು ಆರಿಸಿಕೊಳ್ಳಿ, ಪ್ರತಿ ಮನೆತನದಲ್ಲೂ ಒಬ್ಬ ಸೋದರತ್ತೆ ಇದ್ದೇ ಇರುತ್ತಾರೆ. ಫೋನು ಮಾಡಿ, "ಹೆಂಗಿದ್ದೀಯತ್ತೆ?" ಅಂತ ಕೇಳಿ ಮಂಚದ ಮೇಲೆ ಮಲಗಿ. ಆಮೇಲಿನ ಮುಕ್ಕಾಲು ಗಂಟೆ ನಿಮಗೆ "ಹೂಂ", "ಔದಾ?" ಬಿಟ್ಟು ಬೇರೆ ಆಡಲು ಎಡೆ ಸಿಗುವುದಿಲ್ಲ. ಎರಡು ಮೂರು ಮಾತಿಗಿಂತ ಹೆಚ್ಚು ಆಡಲು ಆಗಲಿಲ್ಲ ತಾನೆ? ತೀವ್ರ ಶ್ರಮ ಎಂದು ಬರೆದುಕೊಳ್ಳಿ.

ಇನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಕೊಟ್ಟ ಅಳತೆ. ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು ನಿಮ್ಮನ್ನೇ ಕೇಳಿ ಅಂಕ ಕೊಡಿಸುತ್ತಾನೆ. ಅಂಕ 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. ಯಾಕೆ ಒಂದರಿಂದ ಅಲ್ಲ ಅಂದರೆ, ಪಕ್ಕದಲ್ಲಿ ಸೊನ್ನೆ ಹಾಕಿದರೆ ಹರೆಯದವರ ಬಡಿತ ಸರಿಸುಮಾರು ಬರಬೇಕು: ಸುಮ್ಮನೆ ಕೂತಾಗ 60, ಜೀವ ಹೋಗುವಷ್ಟು ಓಡಿದಾಗ 200. ಮಧ್ಯದ 12, 13, 14ರ ಆಸುಪಾಸು ಸಾಧಾರಣ ಶ್ರಮ. ಸ್ವೀಡನ್ನಿನವರಿಗೆ ಅಂಕಿ ಸಾಕಾಗಬಹುದು, ನಮಗೆ ಮಾತು ಬೇಕು. ಆದ್ದರಿಂದ ಹೀಗೆ ಹೊಂದಿಸಿಕೊಳ್ಳಿ. ಮಂಚದ ಮೇಲೆ ಕಾಲು ಚಾಚಿದ್ದರೆ 6. ಎದ್ದು ಕೂತು "ಶಿವನೇ" ಅಂದರೆ 9. ನಾಲ್ಕು ಸಲ ಜಿಗಿದು "ಉಸ್ಸಪ್ಪಾ" ಅಂದರೆ 13. "ಅವ್ವೋ" ಎಂದು ತಾನಾಗಿ ಬಾಯಿಂದ ಬಂದರೆ 17. "ಸತ್ತೆ ಕಣ್ಲಾ" ಅಂದರೆ 19. 20 ತಲುಪಿದವರು ಏನೂ ಅನ್ನುವುದಿಲ್ಲ.

ಬೋರ್ಗನ ಅಳತೆಯ ಸೊಗಸು ಏನೆಂದರೆ ಅದು ಪೂರ್ತಿ ನಿಮ್ಮ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಅಂದ ಮೇಲೆ ಹೆದರುವಂಥದ್ದು ಏನಿದೆ? ಮೂರನೇ ಜಿಗಿತಕ್ಕೇ 17 ಎಂದು ಘೋಷಿಸಿ. ಮನೆಯವರು ನೀರು ತರುತ್ತಾರೆ, ಫ್ಯಾನು ಹಾಕುತ್ತಾರೆ. ಇಲ್ಲಿ ಕೆಲವರು ಎಡವುವುದು ಮುಖದಲ್ಲಿ. 17 ಅಂದ ಮೇಲೆ ಆ ಕಡೆ ಕಾಫಿಗೆ ಸಕ್ಕರೆ ಕಡಿಮೆ ಆಯಿತು ಎಂದು ಪೂರ್ತಿ ವಾಕ್ಯದಲ್ಲಿ ದೂರಬಾರದು. ಬಿಟ್ಟು ಬಿಟ್ಟು ಹೇಳಿ. "ಸಕ್ರೆ... ಸಾಲ್ದು."

ಬಲು ಅವಸರದವರಿಗೆ ತಬಾಟಾ ಪದ್ಧತಿ ಇದೆ. ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ್ದು: 20 ಸೆಕೆಂಡು ಸರ್ವಶಕ್ತಿ ಬಿಟ್ಟು ಸೈಕಲ್ ತುಳಿ, 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ಒಟ್ಟು ನಾಲ್ಕೇ ನಿಮಿಷ. ತುಳಿದವರು ಪಳಗಿದ ಹುಡುಗರು, ತುಳಿತವೂ ಕೊನೆಗೆ ಕಾಲು ಏಳದಂಥದ್ದು. ನಾಲ್ಕೇ ನಿಮಿಷ ಎಂಬ ಭಾಗವನ್ನು ಮಾತ್ರ ನೆನಪಿಡಿ, ಮಿಕ್ಕಿದ್ದು ಬಿಡಿ. ಬಿಡುವಿನಿಂದಲೇ ಶುರು ಮಾಡಿ. ಮಧ್ಯದಲ್ಲಿ ಫೋನು ಬಂದರೆ ಅದೂ ಬಿಡುವಿನ ಬಾಬ್ತಿಗೇ ಸೇರಲಿ.

ವಾರಕ್ಕೆ ಸಾಧಾರಣ ಶ್ರಮವಾದರೆ 150ರಿಂದ 300 ನಿಮಿಷ, ತೀವ್ರವಾದರೆ ಅದರ ಅರ್ಧ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ನಿಮಿಷಗಳನ್ನು ಕೂಡಿಸುವಾಗ ಉದಾರವಾಗಿರಿ. ಬೂಟಿನ ಲಾಡಿ ಕಟ್ಟಿದ್ದು, ಯೂಟ್ಯೂಬಿನಲ್ಲಿ ಯಾವ ಹುಡುಗಿ ಹೇಳುವ ವ್ಯಾಯಾಮ ಒಳ್ಳೆಯದು ಎಂದು ಹುಡುಕಿದ್ದು, ಮುಗಿಸಿದ ಮೇಲೆ ಕನ್ನಡಿ ನೋಡಿಕೊಂಡದ್ದು, ಎಲ್ಲ ಸೇರಿಸಿ. ಸೇರಿಸಿದ ಮೊತ್ತದ ಫೋಟೋ ತೆಗೆದು, ಬೆಳಗಿನ ಸೂರ್ಯನ ಚಿತ್ರದ ಕೆಳಗೆ ಹಾಕಿ ಗುಂಪಿಗೆ ಕಳಿಸಿ. ಮರುದಿನ ಕಳಿಸದಿದ್ದರೂ ನಡೆಯುತ್ತದೆ. ಒಂದು ಸಲ ಕಳಿಸಿದವರನ್ನು ಜನ ವರ್ಷವಿಡೀ ಮಾಡುವವರೆಂದೇ ತಿಳಿಯುತ್ತಾರೆ.

ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಪ್ರತ್ಯೇಕ ಮಾತು. ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ಮಾತ್ರೆಗಳು ಹೃದಯ ಓಡದ ಹಾಗೆ ಲಗಾಮು ಹಿಡಿದಿರುತ್ತವೆ. ಎಷ್ಟು ಕುಣಿದರೂ ಬಡಿತ 220ರ ಲೆಕ್ಕಕ್ಕೆ ಬರುವುದಿಲ್ಲ. ಇಂಥವರು ಅಂಕಿ ಬಿಟ್ಟು ಉಸಿರು ನೋಡಿಕೊಂಡು, ಬೋರ್ಗನ ಅಂಕ ನೋಡಿಕೊಂಡು ಮಾಡಬೇಕು ಎನ್ನುವುದು ವೈದ್ಯರ ಮಾತು. ಶುರು ಮಾಡುವ ಮುಂಚೆ ತಮ್ಮನ್ನೊಮ್ಮೆ ಕೇಳಿ ಎಂದೂ ಅನ್ನುತ್ತಾರೆ. ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತಾರೆ. ಗಡಿಯಾರ ಒಪ್ಪುವವರೆಗೆ ಕುಣಿಯುತ್ತಲೇ ಇರಿ, ಇಪ್ಪತ್ತು ಸಾವಿರ ಕೊಟ್ಟದ್ದು ಅದಕ್ಕೆ, ವೈದ್ಯರಿಗಲ್ಲ.

ಹೃದಯದ ಬಗ್ಗೆ ಗಾಬರಿಯಾದಾಗ ಮಾತ್ರ ಯೋಚಿಸುವ ರೂಢಿ ಇಟ್ಟುಕೊಳ್ಳಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ, ಜಿಮ್ಮಿಗೆ ಹೋಗಬಾರದು ಎಂಬ ಪಾಠವನ್ನು ಅನೇಕರು ಒಂದೇ ರಾತ್ರಿಯಲ್ಲಿ ಕಲಿತರು. ಅದುವರೆಗೆ ಜಿಮ್ಮಿನ ಬಾಗಿಲು ನೋಡದವರೂ ಆ ದಿನದಿಂದ ಬಿಟ್ಟರು. 2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಗಾಬರಿಯಿಂದ ಓಡಿ ಬರಬೇಡಿ ಎಂದು ವೈದ್ಯರೇ ವಿನಂತಿಸಬೇಕಾಯಿತು. ನೀವು ಆ ಸಾಲಿನಲ್ಲಿದ್ದಿರಾದರೆ ಸರಿಯಾದ ಹಾದಿಯಲ್ಲೇ ಇದ್ದೀರಿ. ಎರಡು ವಾರ ಎಣ್ಣೆ ಬಿಡಿ, ಬೀಡಿ ಕಡಿಮೆ ಮಾಡಿ, ಸಂಜೆ ನಡೆಯಿರಿ. ಟಿ.ವಿ.ಯವರು ಬೇರೆ ಸುದ್ದಿಗೆ ಹೋದ ದಿನ ನೀವೂ ಬೋಂಡಕ್ಕೆ ವಾಪಸಾಗಿ.

ಕೊನೆಯ ಹಂತ ಬಹಳ ಜನ ತಪ್ಪಿಸದೆ ಪಾಲಿಸುವಂಥದ್ದು, ಹೊಸದಾಗಿ ಕಲಿಸಬೇಕಾದದ್ದು ಕಡಿಮೆ. ಕುಣಿಯುವಾಗಲೋ, ಕುಣಿಯದೆ ಕೂತಾಗಲೋ, ಎದೆಯ ನಡುವೆ ಯಾರೋ ಅಮುಕಿದ ಹಾಗಾಗಿ, ಎಡಗೈಗೋ ದವಡೆಗೋ ನೋವು ಇಳಿದು, ತಣ್ಣನೆ ಬೆವರು ಬಂದರೆ 'ಗ್ಯಾಸ್ಟ್ರಿಕ್ಕು' ಅನ್ನಿ. ರಾತ್ರಿ ಹುರುಳಿ ಬಸ್ಸಾರು ಜಾಸ್ತಿಯಾಯಿತು ಎಂದು ಕಾರಣ ಕೊಡಿ. ಗಡಿಯಾರ ನೋಡಿಕೊಳ್ಳಿ. 88 ಎಂದು ತೋರಿಸಿದರೆ ನಿರಾಳವಾಗಿರಿ. ಗಡಿಯಾರ ಬಡಿತ ಎಣಿಸಬಲ್ಲದೇ ಹೊರತು ಹೃದಯದ ರಕ್ತನಾಳ ಕಟ್ಟಿದೆಯೋ ಇಲ್ಲವೋ ಹೇಳಲಾರದು ಎಂಬ ಸಣ್ಣ ಅಕ್ಷರಗಳನ್ನು ನೀವು ಹೇಗೂ ಓದಿಲ್ಲ. ಅಜ್ಜಿಯ ಜೀರಿಗೆ ಕಷಾಯ ಕುಡಿಯಿರಿ. ಆಗದಿದ್ದರೆ ಇಂಗಿನ ಮಜ್ಜಿಗೆ. ಅದಕ್ಕೂ ಬಗ್ಗದಿದ್ದರೆ ಹುಡುಗನನ್ನು ಸರ್ಕಲ್ ಅಂಗಡಿಗೆ ಕಳಿಸಿ ಸೋಡಾ ತರಿಸಿ.

108ಕ್ಕೆ ಫೋನು ಮಾಡಿದರೆ ಬೀದಿಗೆ ಆಂಬುಲೆನ್ಸ್ ಬಂದು ಮರ್ಯಾದೆ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಜಯದೇವದಂಥ ದೊಡ್ಡ ಆಸ್ಪತ್ರೆಗಳ ತಜ್ಞರ ಸಲಹೆ ಪಡೆದು, ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆಯೊಂದು ರಾಜ್ಯದಲ್ಲಿದೆ. ಅದಕ್ಕೆ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಎಂದೇ ಹೆಸರಿಟ್ಟಿದ್ದಾರೆ. ಹೊರಗೆ ಸಾವಿರಾರು ರೂಪಾಯಿ ಬೀಳುವ ಮದ್ದು. ಅದು ಎಷ್ಟು ಬೇಗ ಮೈಗೆ ಬೀಳುತ್ತದೋ ಅಷ್ಟು ಹೃದಯ ಉಳಿಯುತ್ತದೆ ಅನ್ನುತ್ತಾರೆ.

ನೀವು ಸೋಡಾ ಮುಗಿಸಿಕೊಂಡೇ ಹೊರಡಿ.